ಅಮೆರಿಕದ ಫಿಲಿಪಿನೋ ಮನೆಗಳು: ದುಡಿಮೆ, ಸಂಪ್ರದಾಯ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಫ್ರಾನ್ಸಿಸ್ಕೋ ನಗರದ ದಕ್ಷಿಣಕ್ಕೆ ಅಂಟಿಕೊಂಡೇ ಡೇಲಿ ಸಿಟಿ ಅನ್ನುವ ಊರಿದೆ. ಬೇಸಿಗೆಯಲ್ಲೂ ಮಂಜು ಮುಸುಕುವ ಊರು. ಅಲ್ಲಿ ನಾವು ಆರು ವರ್ಷ ಬಾಡಿಗೆಗೆ ಇದ್ದೆವು. ಮೇಲಿನ ಮಹಡಿಯಲ್ಲಿ ಮನೆ ಮಾಲೀಕರ ಫಿಲಿಪಿನೋ ಕುಟುಂಬ, ಕೆಳಗೆ ಗ್ಯಾರೇಜಿನ ಪಕ್ಕದ ಎರಡು ರೂಮಿನಲ್ಲಿ ನಾವು. ಮೇಲೆ ಹೆಜ್ಜೆ ಸಪ್ಪಳ ಯಾವ ಹೊತ್ತಿನಲ್ಲೂ ನಿಲ್ಲುತ್ತಿರಲಿಲ್ಲ. ಒಬ್ಬರು ಡ್ಯೂಟಿ ಮುಗಿಸಿ ಬರುವಾಗ ಇನ್ನೊಬ್ಬರು ಹೊರಡುತ್ತಿದ್ದರು.

ಊರಿಗೆ ಬಂದಾಗಲೆಲ್ಲ ನೆಂಟರು, ಗೆಳತಿಯರು ಅವರ ಬಗ್ಗೆ ಕೇಳುತ್ತಿದ್ದರು. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಆ ಮನೆಯಲ್ಲಿ ನನಗೆ ಸಿಕ್ಕ ಪ್ರೀತಿ ದೊಡ್ಡದು. ಅವರ ಬಗ್ಗೆ ತಪ್ಪಾಗಿ ಮಾತಾಡಿದರೆ ನನಗೆ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಫಿಲಿಪಿನೋಗಳು ಅಂದರೆ ಯಾರು? ಮುಖ ನೋಡಿದರೆ ಏಷ್ಯಾ, ಹೆಸರು ನೋಡಿದರೆ ಸ್ಪೇನ್.

ಫಿಲಿಪೀನ್ಸ್ ದೇಶದವರು, ಏಷ್ಯಾದವರೇ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ ಅದು. 1565ರಿಂದ 1898ರವರೆಗೆ ಸ್ಪೇನ್ ಆಳಿತು. 1849ರಲ್ಲಿ ಸ್ಪೇನಿನ ಗವರ್ನರ್ ಅಡ್ಡಹೆಸರುಗಳ ದೊಡ್ಡ ಪಟ್ಟಿ ತರಿಸಿ ಜನರಿಗೆ ಹಂಚಿಸಿದ. ಇವತ್ತಿನ ಎಷ್ಟೋ ಹೆಸರುಗಳು ಆ ಪಟ್ಟಿಯಿಂದ ಬಂದವು. ಆಮೇಲೆ 1946ರವರೆಗೆ ಅಮೆರಿಕದ ಆಳ್ವಿಕೆ.

ಭಾಷೆ ಮಾತ್ರ ಇನ್ನೂ ಹಳೆಯ ಕಥೆ ಹೇಳುತ್ತದೆ. ಅಲ್ಲಿನ ಮುಖ್ಯ ಭಾಷೆ ತಗಾಲೋಗ್‌ನಲ್ಲಿ ಮೇಷ್ಟ್ರಿಗೆ ಗುರೋ ಅನ್ನುತ್ತಾರೆ, ಮುಖಕ್ಕೆ ಮುಖಾ. ನಮ್ಮಲ್ಲಿ ದುಃಖ ಆಗಿರುವ ಪದ ಅಲ್ಲಿ ದುಖಾ. ಅದರ ಅರ್ಥ ಬಡವ.

ಇವರು ಅಮೆರಿಕಕ್ಕೆ ಯಾವಾಗಿಂದ ಹೋಗುತ್ತಿದ್ದಾರೆ? ನರ್ಸ್‌ಗಳ ಕಾಲದಿಂದಲಾ?

ಅದಕ್ಕಿಂತ ತುಂಬ ಮೊದಲು. 1906ರ ಡಿಸೆಂಬರ್‌ನಲ್ಲಿ 15 ಜನ ಗಂಡಸರು ಹವಾಯಿಯ ಕಬ್ಬಿನ ತೋಟಕ್ಕೆ ಕೂಲಿಗೆ ಬಂದಿಳಿದರು. ಇಲೋಕೋಸ್ ಅನ್ನುವ ಪ್ರದೇಶದವರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಇಕ್ಕಟ್ಟಾದ ಜಮೀನು, ತಲೆಗೆ ಬರುವ ಪಾಲು ಅಂಗೈಯಷ್ಟು. ಮುಂದಿನ 40 ವರ್ಷಗಳಲ್ಲಿ ಹೀಗೆ ಹವಾಯಿಗೆ ಬಂದವರು ಲಕ್ಷಕ್ಕೂ ಹೆಚ್ಚು. ಅವರಿಗೆ ಸಕಾದಾ ಅಂತ ಹೆಸರು.

ಕ್ಯಾಲಿಫೋರ್ನಿಯಾಕ್ಕೆ ಬಂದವರನ್ನು ಮನೋಂಗ್‌ಗಳು ಅಂತ ಗೌರವದಿಂದ ಕರೆಯುತ್ತಾರೆ. ಇಲೋಕಾನೋ ಭಾಷೆಯಲ್ಲಿ ಮನೋಂಗ್ ಅಂದರೆ ಅಣ್ಣ. ಸ್ಟಾಕ್‌ಟನ್ ಊರಿನ ಸುತ್ತ ಆಸ್ಪರಾಗಸ್ ಅನ್ನುವ ತರಕಾರಿಯ ಕೊಯ್ಲು, ಬೇಸಿಗೆ ಬಂದರೆ ಅಲಾಸ್ಕಾದಲ್ಲಿ ಮೀನು ಡಬ್ಬಿಗೆ ತುಂಬುವ ಕೆಲಸ. ಬಂದವರಲ್ಲಿ ಹೆಂಗಸರು ತೀರಾ ಕಡಿಮೆ. 1933ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾನೂನು ಬಿಗಿ ಮಾಡಿ, ಇವರು ಬಿಳಿಯ ಹೆಂಗಸರನ್ನು ಮದುವೆಯಾಗದಂತೆ ತಡೆಯಿತು. ಆ ನಿಷೇಧ ಬಿದ್ದದ್ದು 1948ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಗಂಡಸರ ಮದುವೆ ವಯಸ್ಸೇ ದಾಟಿತ್ತು. ಮಕ್ಕಳಿಲ್ಲದ ಆ ಅಣ್ಣಂದಿರಲ್ಲಿ ಎಷ್ಟೋ ಜನ ಊರಿನಲ್ಲಿದ್ದ ತಮ್ಮಂದಿರ ಮಕ್ಕಳನ್ನು ಓದಿಸಿದರು.

ದೊಡ್ಡ ಬಾಗಿಲು ತೆರೆದದ್ದು 1965ರಲ್ಲಿ. ಆ ವರ್ಷದ ವಲಸೆ ಕಾನೂನಿನಿಂದ ಓದಿದವರೂ ಅವರ ಮನೆಯವರೂ ಬರಲು ಸಾಧ್ಯವಾಯಿತು. ಇವತ್ತು ಅಮೆರಿಕದಲ್ಲಿ ಫಿಲಿಪಿನೋ ಮೂಲದವರು 40 ಲಕ್ಷಕ್ಕೂ ಹೆಚ್ಚಿದ್ದಾರೆ.

ನರ್ಸ್‌ಗಳೇ ಯಾಕೆ ಇಷ್ಟೊಂದು ಜನ?

ಅಮೆರಿಕನ್ನರು ಆಳುತ್ತಿದ್ದಾಗ ಅಲ್ಲಿ ಇಂಗ್ಲಿಷ್‌ನಲ್ಲಿ ಕಲಿಸುವ, ತಮ್ಮ ಆಸ್ಪತ್ರೆಗಳ ಪಾಠವನ್ನೇ ಹೇಳುವ ನರ್ಸಿಂಗ್ ಶಾಲೆಗಳನ್ನು ತೆರೆದರು. 1948ರಿಂದ ಎರಡು ವರ್ಷದ ತರಬೇತಿ ನೆಪದಲ್ಲಿ ಅಲ್ಲಿನ ನರ್ಸ್‌ಗಳನ್ನು ಕರೆಸಿಕೊಂಡರು. ಹೆಸರು ತರಬೇತಿ, ಎಷ್ಟೋ ಕಡೆ ಮಾಡಿಸಿದ್ದು ಪೂರ್ತಿ ನರ್ಸಿನ ಕೆಲಸ. ಆಮೇಲೆ ಫಿಲಿಪೀನ್ಸ್‌ನ ಆಗಿನ ಅಧ್ಯಕ್ಷ ಮಾರ್ಕೋಸ್ ಅವರ ಸರ್ಕಾರ 1974ರ ಕಾರ್ಮಿಕ ಕಾಯ್ದೆಯ ಮೂಲಕ ಜನರನ್ನು ಹೊರದೇಶಕ್ಕೆ ಕೆಲಸಕ್ಕೆ ಕಳಿಸುವುದನ್ನೇ ಒಂದು ನೀತಿಯಾಗಿ ಮಾಡಿತು. ಮುಂದೆ 2000ದ ದಶಕದಲ್ಲಿ ಡಾಕ್ಟರ್‌ಗಳೇ ಮತ್ತೆ ನರ್ಸಿಂಗ್ ಓದಿ ವಿಮಾನ ಹತ್ತಿದರು. ಯೋಚಿಸಿ ನೋಡಿ, ಡಾಕ್ಟರಾಗಿ ಊರಿನಲ್ಲಿ ಸಿಗುವುದಕ್ಕಿಂತ ನರ್ಸಾಗಿ ಹೊರಗೆ ಸಿಗುವ ಸಂಬಳ ಅಷ್ಟು ಜಾಸ್ತಿ.

ಹಾಗಾಗಿ "ಅವರಿಗೆ ಸೇವಾಭಾವ ಹುಟ್ಟಿನಿಂದಲೇ ಇರುತ್ತೆ" ಅನ್ನುವ ಮಾತು ನನಗೆ ಇಷ್ಟ ಆಗಲ್ಲ. ಹೊಗಳಿಕೆ ಥರ ಕೇಳುತ್ತದೆ, ಆದರೆ ಅದರಲ್ಲಿ ಅವರ ಓದು, ಸಾಲ, ನಿದ್ದೆಗೆಟ್ಟ ರಾತ್ರಿ ಎಲ್ಲ ಮರೆಯಾಗುತ್ತವೆ. ಕೋವಿಡ್ ಬಂದಾಗ ಅದರ ಬೆಲೆ ಕಣ್ಣಿಗೆ ಕಂಡಿತು. ಅಮೆರಿಕದ ನೋಂದಾಯಿತ ನರ್ಸ್‌ಗಳಲ್ಲಿ ಫಿಲಿಪಿನೋಗಳು ನೂರಕ್ಕೆ ಸುಮಾರು 4. ನರ್ಸ್‌ಗಳ ಸಂಘವೊಂದು 2020ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಹಾಕಿದಾಗ, ಕೋವಿಡ್‌ನಿಂದ ತೀರಿಹೋದ ನರ್ಸ್‌ಗಳಲ್ಲಿ ಅವರು ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ರೋಗಿಯ ಹಾಸಿಗೆ ಪಕ್ಕದಲ್ಲೇ ನಿಲ್ಲುವ ಕೆಲಸಗಳಲ್ಲಿ, ಐಸಿಯುಗಳಲ್ಲಿ ಅವರೇ ಜಾಸ್ತಿ ಇದ್ದರು.

ಒಂದೇ ಮನೆಯಲ್ಲಿ ಅಷ್ಟೊಂದು ಜನ ಯಾಕಿರುತ್ತಾರೆ?

ನಮ್ಮ ಮೇಲಿನ ಮನೆಯಲ್ಲಿ ಒಂಬತ್ತು ಜನ ಇದ್ದರು. ಹಿರಿಯ ಮಗಳು ರಾತ್ರಿ ಪಾಳಿಯ ನರ್ಸ್. ಅವರ ಗಂಡ ಬಸ್ ಡ್ರೈವರ್. ಮೂರು ಮಕ್ಕಳು. ಗಂಡನ ತಂಗಿ ಮತ್ತು ಅವಳ ಮಗ. ದೂರದ ಸಂಬಂಧದ ಒಬ್ಬ ಹುಡುಗ. ಎಲ್ಲರಿಗೂ ಮೇಲೆ ಅಜ್ಜಿ. ಅಜ್ಜಿಗೆ ಅಲ್ಲಿ ಲೋಲಾ ಅನ್ನುತ್ತಾರೆ, ಅಕ್ಕನಿಗೆ ಆತೆ, ಅಣ್ಣನಿಗೆ ಕುಯಾ. ನಾನು ಮನೆಯೊಡತಿಯನ್ನು ಆತೆ ಅಂತಲೇ ಕರೆಯುತ್ತಿದ್ದೆ. ಫೋನಿನಲ್ಲಿ ಕೇಳಿಸಿಕೊಂಡ ನಮ್ಮಮ್ಮ, "ಯಾರೇ ಅದು, ನಿನಗೆ ಹೊಸ ಅತ್ತೆ?" ಅಂದಿದ್ದರು.

ಒಟ್ಟಿಗೆ ಇರುವುದು ಅವರ ಸಂಪ್ರದಾಯ, ನಿಜ. ಆದರೆ ಲೆಕ್ಕವೂ ಅಷ್ಟೇ ನಿಜ. ಮನೆಸಾಲದ ಕಂತಿಗೆ ನಾಲ್ಕು ಸಂಬಳ ಸೇರಬೇಕಿತ್ತು. ಮಕ್ಕಳನ್ನು ನೋಡಿಕೊಳ್ಳಲು ದುಡ್ಡು ಕೊಟ್ಟು ಡೇಕೇರ್‌ಗೆ ಹಾಕುವ ಬದಲು ಲೋಲಾ ಇದ್ದರು. ನಮ್ಮ ಬಾಡಿಗೆಯೂ ಆ ಕಂತಿಗೇ ಹೋಗುತ್ತಿತ್ತು. ಕೂಡುಕುಟುಂಬ ಅವರಿಗೆ ಹಳೆಯ ನೆನಪಲ್ಲ. ತಿಂಗಳ ಕೊನೆ ದಾಟಿಸುವ ದಾರಿ.

ಆತೆಯ ಮಕ್ಕಳು ಶಾಲೆಯಿಂದ ಬಂದವರೇ ಬ್ಯಾಗ್ ಇಳಿಸುವ ಮೊದಲು ಲೋಲಾಳ ಹತ್ತಿರ ಹೋಗಿ "ಮಾನೋ ಪೋ" ಅನ್ನುತ್ತಿದ್ದರು. ಅಂದರೆ ಹಿರಿಯರ ಕೈ ಹಿಡಿದು, ಅಂಗೈಯ ಹಿಂಬದಿಯನ್ನು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುವುದು. ನಾವು ಕಾಲು ಮುಟ್ಟಿ ನಮಸ್ಕಾರ ಮಾಡುವ ಹಾಗೆ. ಲೋಲಾ ಕೈ ಕೊಡುತ್ತಲೇ ಇನ್ನೊಂದು ಕೈಯಿಂದ ಅನ್ನದ ಕುಕ್ಕರ್‌ನ ಮುಚ್ಚಳ ತೆಗೆಯುತ್ತಿದ್ದರು.

ಆ ದೊಡ್ಡ ರಟ್ಟಿನ ಪೆಟ್ಟಿಗೆಗಳ ಕಥೆ ಏನು?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಅದರ ಹೆಸರು ಬಾಲಿಕ್‌ಬಾಯನ್ ಬಾಕ್ಸ್. ಬಾಲಿಕ್ ಅಂದರೆ ಮರಳುವುದು, ಬಾಯನ್ ಅಂದರೆ ಊರು, ನಾಡು. ಊರಿಗೆ ಮರಳುವವರು ಅಂತ ಅರ್ಥ. ಹೊರದೇಶದಲ್ಲಿರುವವರನ್ನು ಊರಿಗೆ ಕರೆಸಲು 1973ರಲ್ಲಿ ಮಾರ್ಕೋಸ್ ಸರ್ಕಾರ ಒಂದು ಯೋಜನೆ ಮಾಡಿತು. ಆ ಪದ ಜನಪ್ರಿಯವಾದದ್ದು ಆಗ. ಮುಂದೆ ಮನೆಗೆ ಕಳಿಸುವ ಪೆಟ್ಟಿಗೆಗೆ ಸುಂಕದ ವಿನಾಯಿತಿ ಸಿಕ್ಕಿತು. ಆಮೇಲಿಂದ ಅದೊಂದು ಹಬ್ಬವೇ ಆಗಿಬಿಟ್ಟಿತು.

ನಮ್ಮ ಗ್ಯಾರೇಜಿನಲ್ಲಿ ಯಾವಾಗಲೂ ಒಂದು ಪೆಟ್ಟಿಗೆ ಬಾಯಿ ತೆರೆದು ನಿಂತಿರುತ್ತಿತ್ತು. ಸೊಂಟದ ಎತ್ತರ. ಯಾರಾದರೂ ಅಂಗಡಿಯಿಂದ ಬಂದರೆ ಅದಕ್ಕೆ ಒಂದೆರಡು ಸಾಮಾನು ಬೀಳುತ್ತಿತ್ತು. ಡಬ್ಬಿಯ ಮಾಂಸ, ಕಾಫಿ ಪುಡಿ, ಚಾಕೊಲೇಟ್, ಟೂತ್‌ಪೇಸ್ಟ್, ಬಟ್ಟೆಸೋಪು. ಸೇಲ್‌ನಲ್ಲಿ ಸಿಕ್ಕ ಬೂಟು. ಬೂಟಿನ ಅಳತೆ ಹೇಗೆ ಗೊತ್ತಾಗುತ್ತಿತ್ತು ಗೊತ್ತಾ? ಊರಿನ ಮಕ್ಕಳು ಕಾಗದದ ಮೇಲೆ ಪಾದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಫೋಟೋ ತೆಗೆದು ಕಳಿಸುತ್ತಿದ್ದರು. ಪಕ್ಕದಲ್ಲಿ ಸ್ಕೇಲ್ ಇಟ್ಟಿರಬೇಕು, ಅದು ಆತೆಯ ನಿಯಮ. ಬೂಟಿನ ಒಳಗೆ ಕಾಲುಚೀಲ, ಕಾಲುಚೀಲದ ಒಳಗೆ ಲಿಪ್‌ಸ್ಟಿಕ್. ಒಂದು ಬೆರಳಿನಷ್ಟು ಜಾಗ ಸುಮ್ನೆ ಬಿಡುವಂತಿಲ್ಲ. ಯಾಕೆಂದರೆ ಪೆಟ್ಟಿಗೆಗೆ ಬಾಡಿಗೆ ಅಳತೆ ಮೇಲೆ, ತೂಕದ ಮೇಲೆ ಅಲ್ಲ. ಭರ್ತಿಯಾದ ಮೇಲೆ ಟೇಪು ಸುತ್ತಿ ಸುತ್ತಿ, ನಾಲ್ಕೂ ಬದಿಗೆ ವಿಳಾಸ ಬರೆದು ಹಡಗಿಗೆ ಹಾಕುತ್ತಿದ್ದರು. ತಲುಪಲು ಒಂದೆರಡು ತಿಂಗಳು.

"ಅವೆಲ್ಲ ಮನಿಲಾದಲ್ಲೂ ಸಿಗುತ್ತಲ್ವಾ, ದುಡ್ಡೇ ಕಳಿಸಬಹುದಲ್ವಾ?" ಅಂತ ಒಮ್ಮೆ ಕೇಳಿದ್ದೆ. ಆತೆ ಹೇಳಿದರು, "ದುಡ್ಡು ಕಳಿಸಿದರೆ ಖರ್ಚಾಗುತ್ತೆ. ಸೋಪು ಕಳಿಸಿದರೆ ದಿನಾ ಬೆಳಗ್ಗೆ ನನ್ನ ನೆನಪು ಮಾಡ್ಕೊಂಡು ಮುಖ ತೊಳೀತಾರೆ."

2015ರಲ್ಲಿ ಅಲ್ಲಿನ ಕಸ್ಟಮ್ಸ್ ಇಲಾಖೆ ಈ ಪೆಟ್ಟಿಗೆಗಳನ್ನು ಜಾಸ್ತಿ ತಪಾಸಣೆ ಮಾಡಲು ಹೊರಟಾಗ ಜಗತ್ತಿನ ಎಲ್ಲ ಮೂಲೆಯ ಫಿಲಿಪಿನೋಗಳು ಸಿಟ್ಟಿಗೆದ್ದರು. ಸರ್ಕಾರ ಹಿಂದೆ ಸರಿಯಬೇಕಾಯಿತು. 2016ರ ಕಾನೂನು ವಿನಾಯಿತಿಯ ಮಿತಿಯನ್ನು 1,50,000 ಪೆಸೋಗೆ ಏರಿಸಿತು.

ಸಂಬಳದಲ್ಲಿ ಊರಿಗೆ ಎಷ್ಟು ಹೋಗುತ್ತದೆ?

ಮನೆಯಿಂದ ಮನೆಗೆ ಬೇರೆ. ದೇಶದ ಲೆಕ್ಕ ಹೇಳಬಹುದು. 2023ರಲ್ಲಿ ಹೊರಗಿರುವ ಫಿಲಿಪಿನೋಗಳು ಮನೆಗೆ ಕಳಿಸಿದ್ದು 3,700 ಕೋಟಿ ಡಾಲರ್‌ಗೂ ಹೆಚ್ಚು. ದೇಶದ ಆರ್ಥಿಕತೆಯ ಹನ್ನೆರಡನೇ ಒಂದು ಪಾಲಿನಷ್ಟು. ಅದರಲ್ಲಿ ಅತಿ ದೊಡ್ಡ ಭಾಗ ಅಮೆರಿಕದಿಂದ ಬರುತ್ತದೆ. ಆ ದುಡ್ಡಿನಲ್ಲಿ ಶಾಲೆ ಫೀಸು, ಅಪ್ಪನ ಡಯಾಲಿಸಿಸ್, ಚಂಡಮಾರುತ ಹಾರಿಸಿಕೊಂಡು ಹೋದ ತಗಡಿನ ಸೂರು ಎಲ್ಲವೂ ಇರುತ್ತವೆ.

ಇಷ್ಟು ಕಷ್ಟ ಇದ್ದರೆ "ಈ ತಿಂಗಳು ಆಗಲ್ಲ" ಅಂತ ಹೇಳಬಹುದಲ್ವಾ?

ಹೇಳಬಹುದು. ಹೇಳಿದ ಮೇಲೆ ನಿದ್ದೆ ಬರಲ್ಲ.

ಅವರಲ್ಲಿ ಉತಾಂಗ್ ನ ಲೋಓಬ್ ಅನ್ನುವ ಮಾತಿದೆ. ಉತಾಂಗ್ ಅಂದರೆ ಸಾಲ, ಲೋಓಬ್ ಅಂದರೆ ಒಳಗು, ಅಂತರಂಗ. ನಮ್ಮ ಋಣ ಅನ್ನುವ ಪದಕ್ಕೆ ಹತ್ತಿರ. ಓದಿಸಿದವರ ಋಣ, ವೀಸಾ ಮಾಡಿಸಿದವರ ಋಣ, ಬಂದ ಹೊಸತರಲ್ಲಿ ಸೋಫಾ ಮೇಲೆ ಮಲಗಲು ಜಾಗ ಕೊಟ್ಟವರ ಋಣ. ತೀರಿತು ಅಂತ ಚೀಟಿ ಹರಿದು ಹಾಕುವಂಥ ಸಾಲವಲ್ಲ ಅದು. ಜೊತೆಗೆ ಹಿಯಾ ಇದೆ. ಅಂದರೆ ನಾಚಿಕೆ, ಮರ್ಯಾದೆ, ನಾಲ್ಕು ಜನ ಏನಂದಾರು ಅನ್ನುವ ಅಂಜಿಕೆ, ಎಲ್ಲ ಸೇರಿದ್ದು. ಅಮೆರಿಕದಲ್ಲಿದ್ದೂ ಕಳಿಸಲಿಲ್ಲ ಅಂದರೆ ಹಿಯಾ. ಕೈಯಲ್ಲಿಲ್ಲ ಅಂತ ಬಾಯಿ ಬಿಟ್ಟು ಹೇಳುವುದೂ ಹಿಯಾ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಈ ಋಣದ ಭಾವ ಇಲ್ಲದಿದ್ದರೆ ಅವರು ಯಾರೂ ದಡ ಸೇರುತ್ತಿರಲಿಲ್ಲ. ಒಬ್ಬರ ಬೆನ್ನ ಮೇಲೆ ಕಾಲಿಟ್ಟು ಇನ್ನೊಬ್ಬರು ಹತ್ತಿದ್ದಾರೆ. ಆದರೆ ಆ ಬೆನ್ನು ಸಾಮಾನ್ಯವಾಗಿ ಒಬ್ಬಳದೇ ಆಗಿರುತ್ತದೆ. ಹಿರಿಯ ಮಗಳದು. ಆತೆ ಅನ್ನುವುದು ಬರೀ ಕರೆಯುವ ಪದ ಅಲ್ಲ, ಅದೊಂದು ಹುದ್ದೆ. ಬೆಳಗ್ಗೆ ಎಂಟಕ್ಕೆ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು, ಕಾರಿನಿಂದ ಇಳಿಯದೆ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಊರಿನ ಫೋನಿಗೆ "ಹೂಂ, ಕಳಿಸ್ತೀನಿ" ಅನ್ನುತ್ತಿದ್ದ ಅವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ತಮ್ಮಂದಿರು ಒಳ್ಳೆಯವರೇ. ಆದರೆ ಕೇಳುವ ಫೋನು ಅವರಿಗೆ ಹೋಗುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೆ ಸವೆದ ಅಕ್ಕಂದಿರನ್ನು ನೋಡಿದ್ದೇವೆ ಅಲ್ವಾ? ಅವರನ್ನು ತ್ಯಾಗಮಯಿ ಅಂತ ಹೊಗಳುವ ಬದಲು ಭಾರ ಹಂಚಿಕೊಳ್ಳಬೇಕು.

ಬ್ಯಾಂಕ್ ಸಾಲ ಸಿಗದವರು ಏನು ಮಾಡುತ್ತಾರೆ?

ಪಾಲುವಾಗಾನ್ ಹಾಕುತ್ತಾರೆ. ನಮ್ಮ ಚೀಟಿಯೇ. ಹತ್ತು ಜನ ಸೇರಿ ತಿಂಗಳಿಗೆ ಇಷ್ಟು ಅಂತ ಹಾಕುವುದು, ಸರದಿಯಂತೆ ಒಬ್ಬೊಬ್ಬರು ಇಡಿಗಂಟು ತೆಗೆದುಕೊಳ್ಳುವುದು. ಆಸ್ಪತ್ರೆಯ ಒಂದೇ ವಾರ್ಡಿನ ನರ್ಸ್‌ಗಳು ಸೇರಿ ಹಾಕುವುದುಂಟು. ಕಾಗದ ಪತ್ರ ಇಲ್ಲ, ನಂಬಿಕೆಯೇ ಜಾಮೀನು. ಕೈಕೊಟ್ಟು ಓಡಿಹೋಗುವವರೂ ಇದ್ದಾರೆ, ನಮ್ಮಲ್ಲಿ ಇರುವಂತೆಯೇ.

ಅಣ್ಣತಂಗಿಯರನ್ನು ಕರೆಸಿಕೊಳ್ಳಲು 20 ವರ್ಷ ಬೇಕು ಅನ್ನುವುದು ನಿಜವಾ?

ನಿಜ. ಅಮೆರಿಕದ ಪೌರರಾದವರು ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಸರದಿ ಇಲ್ಲ. ಲೋಲಾ ಹಾಗೆ ಬಂದರು. ಆದರೆ ಒಡಹುಟ್ಟಿದವರಿಗೆ ವರ್ಷಕ್ಕೆ ಇಷ್ಟೇ ವೀಸಾ, ಒಂದು ದೇಶಕ್ಕೆ ಇಷ್ಟೇ ಅನ್ನುವ ಮಿತಿ ಇದೆ. ಫಿಲಿಪೀನ್ಸ್‌ನವರಿಗಾಗಿ ಹಾಕಿದ ಅರ್ಜಿಗಳು ಜಾಸ್ತಿ, ಹಾಗಾಗಿ ಸಾಲು ಸುಮಾರು 20 ವರ್ಷ ಉದ್ದ. ಸರದಿ ಬರುವ ಹೊತ್ತಿಗೆ ಊರಿನಲ್ಲಿ ಕಾಯುತ್ತಿರುವವರ ಮಕ್ಕಳಿಗೆ 21 ತುಂಬಿ ಅವರ ಹೆಸರು ಬಿಟ್ಟುಹೋಗುವುದುಂಟು.

ಇನ್ನೊಂದು ನಿಯಮ ಕೇಳಿ. ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಇರುವ ಪರವಾನಗಿ ಇರುವವರು ಮದುವೆಯಾಗದ ಮಗನಿಗೋ ಮಗಳಿಗೋ ಅರ್ಜಿ ಹಾಕಬಹುದು. ಕಾಯುತ್ತಿರುವಾಗ ಅವರು ಮದುವೆಯಾದರೆ ಅರ್ಜಿ ಬಿದ್ದುಹೋಗುತ್ತದೆ. ಹಾಗಾಗಿ ಮದುವೆ ಮುಂದೂಡುತ್ತಾರೆ. ಮಕ್ಕಳಾದರೂ ತಾಳಿ ಕಟ್ಟದ ಹಾಗೆ, ಚರ್ಚಿನಲ್ಲಿ ಮದುವೆಯಾಗದೆ ಬದುಕುತ್ತಾರೆ. ಮದುವೆಯನ್ನು ಪವಿತ್ರ ಅಂತ ನಂಬುವ ಕ್ಯಾಥೊಲಿಕ್ ಜನ ಅವರು. ಅಂಥವರ ಮೇಲೆ ಒಂದು ಫಾರಂ ಹೇರುವ ಸಂಕಟ ಎಂಥದ್ದು, ಯೋಚಿಸಿ.

ಕಾಗದವಿಲ್ಲದೆ ಉಳಿದವರೂ ಇದ್ದಾರೆ. ಅವರನ್ನು ಟಿಎನ್‌ಟಿ ಅನ್ನುತ್ತಾರೆ. ತಾಗೋ ನಾಂಗ್ ತಾಗೋ, ಬಚ್ಚಿಟ್ಟುಕೊಳ್ಳುತ್ತಲೇ ಇರುವವರು ಅಂತ. ವಯಸ್ಸಾದವರ ಆರೈಕೆ ಮನೆಗಳಲ್ಲಿ ಹಗಲೂ ರಾತ್ರಿ ಅಲ್ಲೇ ಇದ್ದು ದುಡಿಯುವವರಲ್ಲಿ ಇಂಥವರು ಸಿಗುತ್ತಾರೆ. ಓವರ್‌ಟೈಮ್ ಕೊಡದಿದ್ದರೂ ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಅಮ್ಮ ಮೊದಲು ಬಂದು, ಮಕ್ಕಳು ಆಮೇಲೆ ಬಂದರೆ ಏನಾಗುತ್ತದೆ?

ಆತೆಯ ಗಂಡನ ತಂಗಿಯ ಮಗನ ಕಥೆ ಇದೇ. ಅವನಿಗೆ ಮೂರು ವರ್ಷ ಇದ್ದಾಗ ಅಮ್ಮ ಹೊರಟಿದ್ದರು. ಬಂದು ಸೇರಿದಾಗ ಹನ್ನೆರಡು. ಅಮ್ಮ ಅಂದರೆ ಅವನಿಗೆ ಪೆಟ್ಟಿಗೆಯ ವಾಸನೆ ಮತ್ತು ಫೋನಿನ ಮುಖ. ಮೊದಲ ವಾರ ಅವನು ಅಮ್ಮನಿಗೆ "ಪೋ" ಸೇರಿಸಿ, ಪರಿಚಯ ಇಲ್ಲದ ದೊಡ್ಡವರ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದ. ಪೋ ಅಂದರೆ ಗೌರವದ ಮಾತು. ಅವರ ಮನೆಗಳಲ್ಲಿ ಅದು ಸಹಜ. ಆದರೆ ಆ ತಾಯಿಗೆ ಅದು ಚುಚ್ಚಿತು. ಕೆಳಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಿದ್ದರು. "ಅವನಿಗೋಸ್ಕರ ಬಂದೆ, ಅವನೇ ನನಗೆ ಅಪರಿಚಿತ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ, ಕಾಫಿ ಮಾಡಿಕೊಟ್ಟೆ.

ಇದು ಆ ಒಂದು ಮನೆಯ ಕಥೆ ಅಲ್ಲ. ದುಬೈ, ಕುವೈತ್, ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಮನೆಕೆಲಸಕ್ಕೆ ಹೋದ ತಾಯಂದಿರದೂ ಇದೇ ಪಾಡು. ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರ ಮಕ್ಕಳಿಗೂ ಇದು ಗೊತ್ತಿರುವ ನೋವೇ.

ಮಕ್ಕಳಿಗೆ ಭಾಷೆ ಬರುತ್ತದಾ?

ಎಷ್ಟೋ ಮಕ್ಕಳಿಗೆ ಅರ್ಥ ಆಗುತ್ತದೆ, ಮಾತಾಡಲು ಬರಲ್ಲ. ಉಚ್ಚಾರಣೆ ಕೆಟ್ಟರೆ ಶಾಲೆಯಲ್ಲಿ ಹಿಂದೆ ಬೀಳುತ್ತಾರೆ ಅಂತ ಹೆದರಿದ ಅಪ್ಪ ಅಮ್ಮಂದಿರು ಮನೆಯಲ್ಲೂ ಇಂಗ್ಲಿಷ್ ಆಡಿದರು. ಅಮೆರಿಕದ ಮನೆಗಳಲ್ಲಿ ಜಾಸ್ತಿ ಆಡುವ ಭಾಷೆಗಳಲ್ಲಿ ತಗಾಲೋಗ್ ಮೊದಲ ನಾಲ್ಕೈದರೊಳಗೆ ಬರುತ್ತದೆ. ಆದರೂ ಮೂರನೇ ತಲೆಮಾರಿಗೆ ಅದು ಬೈಗುಳ ಮತ್ತು ಅಡುಗೆ ಹೆಸರುಗಳಷ್ಟಕ್ಕೆ ಇಳಿಯುತ್ತದೆ. ಇಲೋಕಾನೋ, ಬಿಸಾಯಾ ಆಡುವವರ ಪಾಡು ಇನ್ನೂ ಕಷ್ಟ. ಅವರು ಊರಿನಲ್ಲೇ ಎರಡನೇ ಸಾಲಿನವರು. ಹವಾಯಿ ವಿಶ್ವವಿದ್ಯಾಲಯದಲ್ಲಿ ಇಲೋಕಾನೋ ಕಲಿಸುತ್ತಾರೆ, ಕಬ್ಬಿನ ತೋಟದವರ ಮೊಮ್ಮಕ್ಕಳು ಹೋಗಿ ಕಲಿಯುತ್ತಾರೆ.

ಕಾಲೇಜು ಸೇರಿದ ಮೇಲೆ ಕೆಲವರಿಗೆ ಒಮ್ಮೆಲೇ ತಮ್ಮ ಬೇರು ಬೇಕೆನಿಸುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಸಾಂಸ್ಕೃತಿಕ ರಾತ್ರಿ ಮಾಡುತ್ತಾರೆ. ಬಿದಿರುಗಳ ನಡುವೆ ಕಾಲು ಸಿಕ್ಕದಂತೆ ಕುಣಿಯುವ ತಿನಿಕ್ಲಿಂಗ್ ಇರುತ್ತದೆ. ಆತೆಯ ಮಗಳು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದಳು. ಬಿದಿರು ಸಿಗದೆ ಪ್ಲಾಸ್ಟಿಕ್ ಪೈಪ್ ಹಿಡಿದಿದ್ದರು. ಲೋಲಾ ಮೆಟ್ಟಿಲ ಮೇಲೆ ಕೂತು ತಾಳ ತಪ್ಪಿದಾಗಲೆಲ್ಲ ಚಪ್ಪಲಿಯಿಂದ ನೆಲ ತಟ್ಟುತ್ತಿದ್ದರು.

18ನೇ ಹುಟ್ಟುಹಬ್ಬಕ್ಕೆ ಅಷ್ಟು ದೊಡ್ಡ ಖರ್ಚು ಬೇಕಾ?

ಅದಕ್ಕೆ ಡೆಬ್ಯೂ ಅಂತಾರೆ. ಹುಡುಗಿಗೆ 18 ತುಂಬಿದಾಗ 18 ಗಂಡಸರು ಗುಲಾಬಿ ಹಿಡಿದು ಸರದಿಯಲ್ಲಿ ಅವಳ ಜೊತೆ ಕುಣಿಯುತ್ತಾರೆ, 18 ಹೆಂಗಸರು ಮೇಣದಬತ್ತಿ ಹಚ್ಚಿ ಹಾರೈಸುತ್ತಾರೆ. ಹಾಲ್, ಗೌನು, ಊಟ, ಎಲ್ಲ ಸೇರಿ ಸಣ್ಣ ಮದುವೆಯೇ.

ಬೇಕಾ ಬೇಡವಾ ಅಂತ ನಾನು ತೀರ್ಪು ಕೊಡಲಾರೆ. ಆತೆಯ ಮನೆಯಲ್ಲಿ ಇದಕ್ಕಾಗಿ ಜಗಳವೇ ಆಯಿತು. ಮಗಳು "ಆ ದುಡ್ಡು ಕಾಲೇಜಿಗೆ ಇಡಿ" ಅಂದಳು. ಲೋಲಾ ಒಪ್ಪಲಿಲ್ಲ. ಕೊನೆಗೆ ಹಾಲ್ ಬಿಟ್ಟು ಚರ್ಚಿನ ಕೆಳಗಿನ ಕೋಣೆ ಹಿಡಿದರು. ಅಡುಗೆ ಅಂಬಗ್‌ನಲ್ಲಿ ಆಯಿತು. ಅಂಬಗ್ ಅಂದರೆ ತಲಾ ಒಂದು ಪಾಲು. ಒಬ್ಬರ ಮನೆಯಿಂದ ಆಯುಷ್ಯ ಉದ್ದವಾಗಲಿ ಅಂತ ಮಾಡುವ ಪನ್ಸಿತ್ ಶಾವಿಗೆ, ಇನ್ನೊಬ್ಬರ ಮನೆಯಿಂದ ಲುಂಪ್ಯಾ ಸುರುಳಿ. ಕೇಕು, ಗೌನು ಬಂದದ್ದು ಜ್ಞಾನಸ್ನಾನದ ಧರ್ಮಮಾತೆಯರಿಂದ, ಅಂದರೆ ಅವಳ ಗಾಡ್‌ಮದರ್‌ಗಳಿಂದ. ನಾನು ಹದಿಮೂರನೇ ಮೇಣದಬತ್ತಿ ಹಚ್ಚಿದೆ. ಅಷ್ಟು ವರ್ಷಗಳಲ್ಲಿ ಆತೆ ರಜೆ ಹಾಕಿ ಪೂರ್ತಿ ಸಂಜೆ ಕೂತದ್ದನ್ನು ಅವತ್ತೇ ನಾನು ನೋಡಿದ್ದು.

ಅವರ ಊಟ ನಮಗೆ ಹಿಡಿಸುತ್ತದಾ?

ಮಾಂಸ ಮೀನು ತಿನ್ನುವವರಿಗೆ ಹಿಡಿಸುತ್ತದೆ. ಕರಾವಳಿಯವರಿಗಂತೂ ಮನೆಯೂಟವೇ. ಸಿನಿಗಾಂಗ್ ಅನ್ನುವ ಹುಳಿಸಾರಿಗೆ ಹುಣಸೆ ಹಾಕುತ್ತಾರೆ, ಇಲ್ಲವಾದರೆ ಕಾಮ್ಯಾಸ್, ಅಂದರೆ ನಮ್ಮ ಬಿಂಬುಳಿ. ಶುಂಠಿಯ ಕೋಳಿಸಾರು ತಿನೋಲಾಕ್ಕೆ ಮಲುಂಗ್ಗಾಯ್ ಹಾಕುತ್ತಾರೆ, ಅಂದರೆ ನುಗ್ಗೆಸೊಪ್ಪು. ಹೆಸರುಕಾಳಿಗೂ ಅದೇ ಸೊಪ್ಪು. ಕ್ರಿಸ್ಮಸ್ ಹೊತ್ತಿನ ಪುತೋ ಬುಂಬೋಂಗ್ ಬಿದಿರಿನ ಕೊಳವೆಯಲ್ಲಿ ಬೇಯಿಸಿ ತೆಂಗಿನತುರಿ ಹಾಕಿ ಕೊಡುವ ತಿಂಡಿ. ನಮ್ಮ ಪುಟ್ಟು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆತೆ ವಾರದ ದಿನಗಳಲ್ಲಿ ಸಿನಿಗಾಂಗ್‌ಗೆ ಪ್ಯಾಕೆಟ್ ಪುಡಿ ಹಾಕುತ್ತಿದ್ದರು. ಲೋಲಾ ಮಾತ್ರ ಭಾನುವಾರ ಹುಣಸೆ ಬೇಯಿಸಿ, ಹಿಸುಕಿ, ಸೋಸಿ ಮಾಡುತ್ತಿದ್ದರು. ಒಂದೇ ಒಲೆಯ ಮೇಲೆ ಎರಡೂ ನಡೆಯುತ್ತಿದ್ದವು. ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ.

ಕ್ರಿಸ್ಮಸ್ ಹೇಗೆ? ರಜೆ ಸಿಗುತ್ತದಾ?

ಹಬ್ಬದ ದಿನ ಡ್ಯೂಟಿ ಮಾಡಿದರೆ ಸಂಬಳ ಜಾಸ್ತಿ. ಹಾಗಾಗಿ ಎಷ್ಟೋ ನರ್ಸ್‌ಗಳು ಅವತ್ತೇ ಕೆಲಸಕ್ಕೆ ಹೋಗುತ್ತಾರೆ. ಊರಿನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲೇ ಎದ್ದು ಸಿಂಬಾಂಗ್ ಗಾಬಿ ಪೂಜೆಗೆ ಹೋಗುತ್ತಾರೆ. ಅಮೆರಿಕದ ಎಷ್ಟೋ ಚರ್ಚುಗಳಲ್ಲಿ ಅದನ್ನು ಸಂಜೆಗೆ ಇಟ್ಟಿದ್ದಾರೆ, ದುಡಿಯುವವರಿಗೆ ಅನುಕೂಲ ಆಗಲಿ ಅಂತ. ನಕ್ಷತ್ರದ ಆಕಾರದ ಪರೋಲ್ ದೀಪ ಮಾತ್ರ ಬಾಗಿಲಲ್ಲಿ ತಿಂಗಳುಗಟ್ಟಲೆ ಉರಿಯುತ್ತದೆ.

ಇವರು ತುಂಬ ಸಾಧು, ಯಾವುದಕ್ಕೂ ಎದುರು ಹೇಳಲ್ಲ ಅಂತಾರಲ್ಲ?

ತಪ್ಪು. 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಕೆಲಸ ನಿಲ್ಲಿಸಿದ್ದು ಮೊದಲು ಫಿಲಿಪಿನೋ ಕೂಲಿಗಳು, ಆ ವಯಸ್ಸಾದ ಮನೋಂಗ್‌ಗಳು. ಗಂಟೆಗೆ 1.40 ಡಾಲರ್ ಕೊಡಿ ಅನ್ನುವುದು ಬೇಡಿಕೆ. ಮುಂದೆ ನಿಂತವರು ಲ್ಯಾರಿ ಇಟ್ಲಿಯಾಂಗ್, ಫಿಲಿಪ್ ವೆರಾ ಕ್ರೂಸ್ ಮುಂತಾದವರು. ಒಂದು ವಾರದ ಮೇಲೆ ಸೀಸರ್ ಚಾವೆಸ್ ನಾಯಕತ್ವದ ಮೆಕ್ಸಿಕನ್ ಕೂಲಿಗಳು ಸೇರಿಕೊಂಡರು. ಐದು ವರ್ಷ ನಡೆದು, 1970ರಲ್ಲಿ ಗೆದ್ದರು. ಜಗತ್ತಿಗೆ ಚಾವೆಸ್ ಹೆಸರು ಗೊತ್ತು, ಇಟ್ಲಿಯಾಂಗ್ ಹೆಸರು ಎಷ್ಟೋ ವರ್ಷ ಪಠ್ಯಪುಸ್ತಕದಲ್ಲೇ ಇರಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಹೆಂಡತಿ ಮಕ್ಕಳಿಲ್ಲದ ಆ ಮುದುಕರಿಗಾಗಿ 1974ರಲ್ಲಿ ಡೆಲಾನೋದಲ್ಲೇ ಅಗ್ಬಾಯಾನಿ ವಿಲೇಜ್ ಅನ್ನುವ ವಸತಿ ಕಟ್ಟಿದರು. ಮುಷ್ಕರದಲ್ಲಿ ನಿಂತಿದ್ದಾಗಲೇ ತೀರಿಕೊಂಡ ಒಬ್ಬ ಕೂಲಿಯ ಹೆಸರು ಅದು.

ಕೊನೆಗಾಲದಲ್ಲಿ ಊರಿಗೆ ವಾಪಸ್ ಹೋಗುತ್ತಾರಾ?

ಹೋಗಬೇಕು ಅಂತ ಎಲ್ಲರೂ ಅನ್ನುತ್ತಾರೆ. 2003ರ ಕಾನೂನಿನಿಂದ ಎರಡೂ ದೇಶದ ಪೌರತ್ವ ಇಟ್ಟುಕೊಳ್ಳಲು ಅವಕಾಶವಿದೆ. ಊರಿನಲ್ಲಿ ಮನೆ ಕಟ್ಟಿಸಿ ಬೀಗ ಹಾಕಿಟ್ಟವರು ಬಹಳ. ಆದರೆ ಮೊಮ್ಮಕ್ಕಳು ಇಲ್ಲಿ, ಡಾಕ್ಟರ್ ಇಲ್ಲಿ.

ಲೋಲಾ ಡೇಲಿ ಸಿಟಿಯಲ್ಲೇ ತೀರಿಕೊಂಡರು. ಸತ್ತವರಿಗಾಗಿ ಒಂಬತ್ತು ರಾತ್ರಿ ಜಪಮಾಲೆ ಪ್ರಾರ್ಥನೆ ಮಾಡುತ್ತಾರೆ, ಪಸಿಯಾಮ್ ಅಂತ. ಒಂಬತ್ತೂ ದಿನ ರಜೆ ಯಾರಿಗೂ ಇಲ್ಲ. ಡ್ಯೂಟಿ ಇದ್ದವರು ಆಸ್ಪತ್ರೆಯ ಪಾರ್ಕಿಂಗ್‌ನಿಂದ ಫೋನಿನಲ್ಲಿ ಸೇರಿಕೊಂಡರು, ಊರಿನವರು ಅಲ್ಲಿನ ಮಧ್ಯಾಹ್ನದಿಂದ. ಬಂದವರು ಲಕೋಟೆಯಲ್ಲಿ ಕೈಲಾದಷ್ಟು ದುಡ್ಡು ಇಟ್ಟು ಹೋದರು, ಅದಕ್ಕೆ ಅಬುಲೋಯ್ ಅನ್ನುತ್ತಾರೆ. ಮಣ್ಣಿನ ಖರ್ಚು ಬಹುಪಾಲು ಅದರಲ್ಲೇ ಆಯಿತು. ಒಂಬತ್ತನೇ ರಾತ್ರಿ ಲೋಲಾಳ ಫೋಟೋ ಮುಂದೆ ಆತೆ ಒಂದು ತಟ್ಟೆ ಇಟ್ಟರು. ಅನ್ನ, ಮೊಟ್ಟೆ, ಅಕ್ಕಿಯ ಸಿಹಿ. ಇಲೋಕಾನೋಗಳು ಅದನ್ನು ಆತಾಂಗ್ ಅನ್ನುತ್ತಾರೆ. ನಾನು ಸುಮ್ಮನೆ ಕೈಮುಗಿದೆ, ನಮ್ಮಲ್ಲಿ ಎಡೆ ಇಟ್ಟಾಗ ಮುಗಿಯುವ ಹಾಗೆ.

ನಮ್ಮ ಪಕ್ಕದ ಮನೆಗೆ ಫಿಲಿಪಿನೋ ಕುಟುಂಬ ಬಂದಿದೆ. ಹೇಗೆ ಮಾತಾಡಿಸಲಿ?

ಅವರೂ ನಮ್ಮ ಹಾಗೆಯೇ "ಊಟ ಆಯ್ತಾ?" ಅಂತ ಕೇಳುತ್ತಾರೆ. ಹಿರಿಯರಿಗಾದರೆ "ಕುಮಾಯಿನ್ ನ ಪೋ ಬಾ ಕಾಯೋ?" ಅನ್ನಿ. ರಾತ್ರಿ ಪಾಳಿಯವರು ಇದ್ದರೆ ಹಗಲು ಹತ್ತು ಗಂಟೆಗೆ ಬೆಲ್ ಒತ್ತಬೇಡಿ, ಅದು ಅವರ ನಡುರಾತ್ರಿ. ಸಂಜೆ ಐದರ ಮೇಲೆ ಹೋಗಿ.